ಉಪ್ಸಾರು ಊಟವಾ, ನೀರಾ? ಹೊಟ್ಟೆ ಆಪರೇಷನ್ ಆದವರು ಸ್ವಲ್ಪ ಹೇಳಿ

ಮುದ್ದೆಹೈದ, ಮಂಡ್ಯ
ಭಾನುವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಇವತ್ತಿಗೆ ಒಂಬತ್ತು ವಾರ. ಸ್ಲೀವ್, ಅಂದರೆ ಹೊಟ್ಟೆಯ ಹೆಚ್ಚಿನ ಭಾಗ ಕತ್ತರಿಸಿ ತೆಗೆಯೋದು, ಮೈಸೂರಿನಲ್ಲಿ. 131 ಕೆಜಿ ಇದ್ದೆ, ಈಗ 112. ಶುಗರ್ ಮಾತ್ರೆಯನ್ನು ಡಾಕ್ಟ್ರು ಅರ್ಧಕ್ಕೆ ಇಳಿಸಿದ್ದಾರೆ. ಅದೆಲ್ಲ ಚೆನ್ನಾಗಿದೆ. ನನಗೆ ತಲೆನೋವಾಗಿರುವುದು ನೀರು.

ಡಿಸ್ಚಾರ್ಜ್ ಮಾಡುವಾಗ ಒಂದು ಹಾಳೆ ಕೊಟ್ಟರು. ಎಲ್ಲಾ ಇಂಗ್ಲಿಷು. ಊಟದ ಜೊತೆ ಏನೂ ಕುಡಿಯಬೇಡಿ, ಊಟ ಮುಗಿದು ಅರ್ಧ ಗಂಟೆ ಬಿಟ್ಟು ಕುಡಿಯಿರಿ ಅಂತ ದಪ್ಪ ಅಕ್ಷರದಲ್ಲಿದೆ. ಸರಿ, ಒಪ್ಪಿದೆ. ಆದರೆ ಆ ಹಾಳೆಯಲ್ಲಿ ಊಟ ಅಂದರೆ ಬೇಯಿಸಿದ ಮೀನು, ಹಿಸುಕಿದ ಆಲೂಗಡ್ಡೆ. ನಮ್ಮನೆಯಲ್ಲಿ ಊಟ ಅಂದರೆ ಮುದ್ದೆ, ಉಪ್ಸಾರು. ತಟ್ಟೆಯಲ್ಲಿ ಅರ್ಧಕ್ಕರ್ಧ ನೀರೇ ಇರುತ್ತೆ. ಅದನ್ನು ಊಟ ಅನ್ನಬೇಕಾ, ನೀರು ಅನ್ನಬೇಕಾ? ಆಸ್ಪತ್ರೆಯಲ್ಲಿ ಕೇಳಿದರೆ ಒಬ್ಬರು "ಸಾರು ಪರವಾಗಿಲ್ಲ" ಅಂದರು, ಇನ್ನೊಬ್ಬರು "ಸೂಪ್ ತರ ಅಲ್ವಾ, ಬೇಡ" ಅಂದರು.

ಹೋದ ಗುರುವಾರದ ಕಥೆ ಹೇಳುತ್ತೇನೆ ಕೇಳಿ. ನಿಂಬೆಹಣ್ಣಿನ ಗಾತ್ರದ ಮುದ್ದೆ ಹಾಕಿಸಿಕೊಂಡೆ. ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದೆ. ಮುದ್ದೆ ಅಗಿಯೋದು ನಮ್ಮ ಕಡೆ ಯಾರಿಗೆ ಗೊತ್ತು? ಮೂರನೇ ತುತ್ತಿಗೆ ಎದೆ ನಡುವೆ ಕಲ್ಲು ಇಟ್ಟಂತಾಯಿತು. ಕೈ ತಾನಾಗೇ ಲೋಟಕ್ಕೆ ಹೋಯಿತು. ನೀರು ಬಿಟ್ಟರೆ ಇಳಿಯುತ್ತೆ ಅಂದುಕೊಂಡೆ. ಇಳಿಯಲಿಲ್ಲ, ನೀರೂ ಅದರ ಮೇಲೇ ನಿಂತುಕೊಂಡಿತು. ಬಾಯಲ್ಲಿ ಎಂಜಲು ಊರೋಕೆ ಶುರುವಾಯಿತು. ಬಚ್ಚಲಿಗೆ ಓಡಿದೆ. ಬಂದಿದ್ದು ಅನ್ನಾಹಾರ ಅಲ್ಲ, ಬರೀ ನೊರೆ. ಸೋಪು ಕಲಸಿದಂಥ ಬಿಳೀ ನೊರೆ.

ಅವ್ವ ಬೆನ್ನು ನೀವುತ್ತಾ, "ಉಣ್ಣಾಕೆ ಕುಂತವ್ನಿಗೆ ನೀರು ಕೊಡ್ಬ್ಯಾಡ ಅಂತಾರಲ್ಲ, ಅವ್ರಿಗೇನು ಮನೆ ಮಠ ಇಲ್ವಾ" ಅಂತ ಡಾಕ್ಟರಿಗೇ ಬೈದಳು. ನೀರು ಕುಡಿದಿದ್ದಕ್ಕೇ ಹೀಗಾಯಿತು ಅಂತ ಅವಳಿಗೆ ಹೇಳೋಕೆ ನನಗೆ ಧೈರ್ಯ ಬರಲಿಲ್ಲ.

ನೀವೆಲ್ಲ ಹೇಗೆ ಮಾಡುತ್ತೀರಿ?

ಸರಸ್ವತಿಪುರಂ ಅಕ್ಕ, ಮೈಸೂರು
ಭಾನುವಾರ, ರಾತ್ರಿ 10:15

ತಮ್ಮ, ಮೊದಲು ಬೈಯ್ಯುತ್ತೇನೆ, ಆಮೇಲೆ ಉತ್ತರ. ಒಂಬತ್ತು ವಾರಕ್ಕೆ ಮುದ್ದೆ ನುಂಗೋದಾ? ನಿಮ್ಮ ಹೊಟ್ಟೆ ಈಗ ಒಂದು ಪಚ್ಚಬಾಳೆಹಣ್ಣಿನಷ್ಟಿದೆ. ಅದರಲ್ಲಿ ಅಗಿಯದ ಮುದ್ದೆ ಹೋಗಿ ಬಿರಡೆ ಹಾಕಿದಂತೆ ಕೂತಿದೆ. ನೀರಿನ ತಪ್ಪು ಅರ್ಧ, ನುಂಗಿದ್ದು ಅರ್ಧ.

ನನ್ನದು ಹೊಟ್ಟೆಯ ಬೈಪಾಸ್, ಹೃದಯದ್ದಲ್ಲ, ಆರು ವರ್ಷ ಆಯಿತು. ಮೊದಲ ವರ್ಷ ನನಗೆ ಹಸಿವಿಗಿಂತ ಜಾಸ್ತಿ ಕಾಟ ಕೊಟ್ಟಿದ್ದು ಈ ಲೋಟವೇ. ಬಲಗೈ ತಟ್ಟೆಯಲ್ಲಿ, ಎಡಗೈ ಲೋಟದ ಮೇಲೆ, ನಲವತ್ತೈದು ವರ್ಷದ ಅಭ್ಯಾಸ. ಲೋಟ ಇಡದಿದ್ದರೆ ಎಡಗೈಗೆ ಏನು ಮಾಡಬೇಕು ಅಂತಲೇ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಊಟದ ಹೊತ್ತಿಗೆ ಎಡಗೈಯಲ್ಲಿ ಪೇಪರ್ ಹಿಡಿದುಕೊಳ್ಳೋಕೆ ಶುರುಮಾಡಿದೆ. ನಮ್ಮ ಯಜಮಾನರು "ಊಟದ ಮುಂದೆ ಪೇಪರ್ ಏನು" ಅಂತ ಒಂದು ತಿಂಗಳು ಗೊಣಗಿದರು.

ಹೋಟೆಲಿನದು ಇನ್ನೊಂದು ಫಜೀತಿ. ಮೈಸೂರಿನಲ್ಲಿ ಕೂತ ತಕ್ಷಣ ಠಣ್ ಅಂತ ನೀರಿನ ಲೋಟ ಬರುತ್ತೆ. ತಿಂಡಿ ಆದ ಮೇಲೆ ಕಾಫಿ. ಕಾಫಿ ಇಲ್ಲದೆ ದೋಸೆ ಪೂರ್ತಿ ಆದ ಹಾಗೇ ಅಲ್ಲ. ನಾನೀಗ ಉಲ್ಟಾ ಮಾಡುತ್ತೇನೆ. ಮೊದಲು ಬೈಟು ಕಾಫಿ, ಆಮೇಲೆ ಒಂದು ರೌಂಡು ನಡೆದು ಬಂದು ಇಡ್ಲಿ. ಮೊದಲ ಸಲ ಮಾಣಿ ನನ್ನನ್ನು ನೋಡಿದ ನೋಟ ಮರೆಯೋಕಾಗಲ್ಲ. ಈಗ ಅವನೇ ಕೇಳುತ್ತಾನೆ, "ಮೇಡಂ, ಉಲ್ಟಾನೇ ಅಲ್ವಾ?"

ಹೂಟಗಳ್ಳಿ ಸಂದೇಹಿ, ಮೈಸೂರು
ಭಾನುವಾರ, ರಾತ್ರಿ 10:40

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಕೋಪ ಮಾಡಿಕೊಳ್ಳಬೇಡಿ. ನನ್ನದು ಸ್ಲೀವ್, ಎರಡೂವರೆ ವರ್ಷ. ಊಟದ ಮಧ್ಯೆ ನಾಲ್ಕು ಗುಟುಕು ನೀರು ಕುಡಿಯುತ್ತೇನೆ. ಏನೂ ಆಗಿಲ್ಲ. 41 ಕೆಜಿ ಇಳಿಸಿದ್ದೇನೆ.

ಈ ಅರ್ಧ ಗಂಟೆ ಎಲ್ಲಿಂದ ಬಂತು ಅಂತ ಕೆದಕಿ ನೋಡಿ. ನೇರವಾಗಿ ಇದನ್ನೇ ಪರೀಕ್ಷೆ ಮಾಡಿದ ಸಂಶೋಧನೆ ಬಹಳ ಕಡಿಮೆ. ಹೆಚ್ಚಿಗೆ ಇರುವುದು ಡಾಕ್ಟರುಗಳ ಅನುಭವ, ಅವರೆಲ್ಲ ಸೇರಿ ಒಪ್ಪಿಕೊಂಡ ಸಲಹೆ. ಹೊಟ್ಟೆಯ ಬೈಪಾಸ್ ಶುರುವಾಗಿದ್ದೇ 1966ರಲ್ಲಿ, ಅಮೆರಿಕದ ಅಯೋವಾದಲ್ಲಿ, ಎಡ್ವರ್ಡ್ ಮೇಸನ್ ಅನ್ನುವ ಸರ್ಜನ್ ಕೈಯಲ್ಲಿ. ಅಲ್ಲಿ ತಟ್ಟೆ ಒಣಗಿರುತ್ತೆ, ನೀರು ಗ್ಲಾಸಿನಲ್ಲಿ ಬೇರೆ ಇರುತ್ತೆ. ಗೆರೆ ಎಳೆಯೋದು ಸುಲಭ. ನಮ್ಮಲ್ಲಿ ಅನ್ನದೊಳಗೇ ನೀರಿದೆ. ಅವರ ಗೆರೆಯನ್ನು ತಂದು ನಮ್ಮ ತಟ್ಟೆಯ ಮೇಲೆ ಎಳೆದರೆ ಹೇಗೆ?

ಮುದ್ದೆಹೈದ ಅವರೇ, ನಿಮಗೆ ಆಗಿದ್ದು ಮುದ್ದೆಯಿಂದ. ಸುಮ್ನೆ ನೀರಿನ ಮೇಲೆ ಹಾಕಬೇಡಿ.

ಕೆ.ಆರ್.ಪೇಟೆ ಹಿರಿಯ
ಸೋಮವಾರ, ಬೆಳಗ್ಗೆ 6:05

ನಮ್ಮ ಅಜ್ಜ ಹೇಳುತ್ತಿದ್ದರು, ಉಂಡ ಕೂಡಲೇ ನೀರು ಕುಡಿದರೆ ವಿಷ ಅಂತ. ನೀರು ಹೊಟ್ಟೆಯ ಬೆಂಕಿ ಆರಿಸುತ್ತೆ, ಜೀರ್ಣರಸ ತೆಳ್ಳಗಾಗುತ್ತೆ. ಆಪರೇಷನ್ ಆದವರಿಗೆ ಮಾತ್ರ ಅಲ್ಲ, ಎಲ್ಲರಿಗೂ ಇದೇ ನಿಯಮ. ಹಿರಿಯರು ಹೇಳಿದ್ದು ಈಗ ಆಸ್ಪತ್ರೆಯವರೂ ಹೇಳುತ್ತಿದ್ದಾರೆ.

ಪಥ್ಯದ ಹುಡುಗಿ, ಮೈಸೂರು
ಸೋಮವಾರ, ಬೆಳಗ್ಗೆ 7:30

ನಾನು ಡಯಟಿಷಿಯನ್, ಇಂಥ ಆಪರೇಷನ್ ಆದವರನ್ನು ದಿನಾ ನೋಡುತ್ತೇನೆ. ಇಲ್ಲಿ ಬರೆಯೋದು ಸಾಮಾನ್ಯ ಮಾತು, ನಿಮ್ಮ ಡಾಕ್ಟರ ಮಾತಿಗೆ ಬದಲಿ ಅಲ್ಲ.

ಹಿರಿಯರೇ, ಕ್ಷಮಿಸಿ. ಜೀರ್ಣರಸ ತೆಳ್ಳಗಾಗೋದು ಇಲ್ಲಿ ಕಾರಣವೇ ಅಲ್ಲ. ಮಾಮೂಲಿ ಹೊಟ್ಟೆ ಇರುವವರು ಊಟದ ಜೊತೆ ಒಂದು ಲೋಟ ನೀರು ಕುಡಿದರೆ ಏನೂ ಆಗಲ್ಲ, ಹೊಟ್ಟೆ ಬೇಕಾದಷ್ಟು ಆಮ್ಲ ಮತ್ತೆ ಸುರಿಸಿಕೊಳ್ಳುತ್ತೆ. ಆಪರೇಷನ್ ಆದವರ ಕಥೆ ಜಾಗದ ಕಥೆ.

ಸ್ಲೀವ್‌ನಲ್ಲಿ ಹೊಟ್ಟೆಯ ಶೇಕಡಾ 75ರಿಂದ 80ರಷ್ಟು ಭಾಗ ಕತ್ತರಿಸಿ ತೆಗೆಯುತ್ತಾರೆ. ಉಳಿಯೋದು ಒಂದು ಕೊಳವೆ. ಹಳೇ ಹೊಟ್ಟೆ ಒಂದು ಲೀಟರಿಗೂ ಹಿಗ್ಗುತ್ತಿತ್ತು. ಈ ಕೊಳವೆ ಶುರುವಿನಲ್ಲಿ 100–150 ಎಂಎಲ್ ಹಿಡಿದರೆ ಹೆಚ್ಚು, ಹಿಗ್ಗೋದೂ ಕಡಿಮೆ. ಕೆಳಗಿನ ಬಾಗಿಲು ಮಾತ್ರ ಹಳೇದೇ ಇದೆ, ಅದು ತನ್ನ ಪಾಡಿಗೆ ನಿಧಾನಕ್ಕೆ ತೆರೆಯುತ್ತೆ. ಕೊಳವೆ ತುಂಬಿದೆ, ಬಾಗಿಲು ಮುಚ್ಚಿದೆ, ಮೇಲಿನಿಂದ ನೀರು ಸುರಿದಿರಿ. ಎಲ್ಲಿಗೆ ಹೋಗಬೇಕು? ಎದೆಗೆ ಒತ್ತುತ್ತೆ, ಇಲ್ಲ ವಾಪಸ್ ಬರುತ್ತೆ. ನಿಮಗೆ ಬಂದ ನೊರೆ ಎಂಜಲಿನದು. ಅನ್ನನಾಳದಲ್ಲಿ ಏನೋ ಸಿಕ್ಕಿಕೊಂಡಾಗ ಅದನ್ನು ಜಾರಿಸೋಕೆ ಬಾಯಿ ಸುಮ್ಮನೆ ಎಂಜಲು ಸುರಿಸುತ್ತಾ ಹೋಗುತ್ತೆ.

ಅಕ್ಕನ ಬೈಪಾಸ್ ಬೇರೆ. ಅಲ್ಲಿ ಉಳಿಸೋದು ಸುಮಾರು 30 ಎಂಎಲ್ ಚೀಲ. ಆ ಹಳೇ ಬಾಗಿಲೂ ದಾರಿಯಲ್ಲಿಲ್ಲ, ಚೀಲದಿಂದ ನೇರ ಸಣ್ಣ ಕರುಳಿಗೆ ಹಾದಿ. ಊಟದ ಮೇಲೆ ನೀರು ಬಿದ್ದರೆ ಗದ್ದೆಗೆ ನೀರು ಬಿಟ್ಟಾಗ ಮಣ್ಣು ಕೊಚ್ಚಿಕೊಂಡು ಹೋದ ಹಾಗೆ ಊಟವೂ ಬೇಗ ಕರುಳಿಗೆ ಜಾರಬಹುದು. ಹೊಟ್ಟೆ ಬೇಗ ಖಾಲಿ, ಬೇಗ ಮತ್ತೆ ತಿನ್ನಬೇಕು ಅನ್ನಿಸುತ್ತೆ. ಸಿಹಿ ಇದ್ದರಂತೂ ಡಂಪಿಂಗ್, ಅಂದರೆ ಅದು ಒಮ್ಮೆಲೇ ಕರುಳಿಗೆ ಸುರಿದು ಬೆವರು, ಎದೆಬಡಿತ, ಹೊಟ್ಟೆ ನುಲಿತ.

ಸಂದೇಹಿ ಅವರು ಹೇಳಿದ್ದರಲ್ಲಿ ಹುರುಳಿದೆ. ಕಟ್ಟುನಿಟ್ಟಿನ ಪರೀಕ್ಷೆ ಕಡಿಮೆ, ಒಪ್ಪುತ್ತೇನೆ. ಅದಕ್ಕೇ ಊಟಕ್ಕೆ ಮುಂಚೆ ಎಷ್ಟು ಹೊತ್ತು ಬಿಡಬೇಕು ಅನ್ನೋದು ಆಸ್ಪತ್ರೆಗೊಂದು ತರ ಇದೆ. ಕೆಲವರು 15 ನಿಮಿಷ, ಕೆಲವರು 30. ಆದರೆ ಊಟದ ನಂತರ 30 ನಿಮಿಷ ಅನ್ನೋದನ್ನು ಹೆಚ್ಚಿನವರು ಹೇಳುತ್ತಾರೆ. ಎರಡೂವರೆ ವರ್ಷದ ಹೊಟ್ಟೆಗೂ ಒಂಬತ್ತು ವಾರದ ಹೊಟ್ಟೆಗೂ ವ್ಯತ್ಯಾಸ ಇದೆ ಸಾರ್. ನಿಮಗೆ ನಡೆದಿದ್ದು ಅವರಿಗೆ ನಡೆಯಲ್ಲ.

ಉಪ್ಸಾರಿನ ಪ್ರಶ್ನೆಗೆ ಸಂಜೆ ಬರುತ್ತೇನೆ, ಈಗ ಡ್ಯೂಟಿ.

ಹೂಟಗಳ್ಳಿ ಸಂದೇಹಿ
ಸೋಮವಾರ, ಬೆಳಗ್ಗೆ 8:10

ಸರಿ ಮೇಡಂ, ಮೊದಲ ಆರು ತಿಂಗಳು ನಾನೂ ಕುಡಿಯುತ್ತಿರಲಿಲ್ಲ ಅನ್ನೋದನ್ನು ಬರೆಯಬೇಕಿತ್ತು. ಬರೆಯಲಿಲ್ಲ. ತಪ್ಪು ನನ್ನದು.

ಲೆಕ್ಕದಮೇಷ್ಟ್ರು, ಶ್ರೀರಂಗಪಟ್ಟಣ
ಸೋಮವಾರ, ಮಧ್ಯಾಹ್ನ 1:20

ನನ್ನ ತಕರಾರು ಬೇರೆ. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ಕುಡಿಯಿರಿ ಅಂತಾರೆ. ಊಟದ ಹತ್ತಿರ ಕುಡಿಯಬೇಡಿ ಅಂತಲೂ ಅಂತಾರೆ. ಐದು ಸಲ ತಿನ್ನಿ ಅಂತಾರೆ. ಹಾಗಾದರೆ ಕುಡಿಯೋದು ಯಾವಾಗ? ಶಾಲೆಯಲ್ಲಿ ಬೋರ್ಡಿನ ಮೇಲೆ ಹಾಕುವ ತರ ಹಾಕಿ ನೋಡಿದೆ.

ಬೆಳಗ್ಗೆ ಐದೂವರೆಗೆ ಏಳುತ್ತೇನೆ, ರಾತ್ರಿ ಒಂಬತ್ತೂವರೆಗೆ ಮಲಗುತ್ತೇನೆ. 16 ಗಂಟೆ. ಒಂದು ಸಲ ತಿನ್ನೋಕೆ ಅರ್ಧ ಗಂಟೆ, ಆಮೇಲೆ ಅರ್ಧ ಗಂಟೆ, ಮುಂಚೆ ಕಾಲು ಗಂಟೆ. ಒಟ್ಟು ಒಂದೂಕಾಲು. ಐದು ಸಲಕ್ಕೆ ಆರೂಕಾಲು ಗಂಟೆ ಹೋಯಿತು. ಉಳಿದಿದ್ದು ಹತ್ತು ಗಂಟೆಗೆ ಸ್ವಲ್ಪ ಕಡಿಮೆ. ನಮ್ಮನೆಯ ಸ್ಟೀಲಿನ ಕಾಫಿ ಲೋಟ ಅಳೆದೆ, 120 ಎಂಎಲ್. ಒಂದೂವರೆ ಲೀಟರ್ ಅಂದರೆ ಹನ್ನೆರಡೂವರೆ ಲೋಟ. ಅಂದರೆ ಗಂಟೆಗೆ ಒಂದೂಕಾಲು ಲೋಟಕ್ಕಿಂತ ಒಂದು ಚೂರು ಜಾಸ್ತಿ. ಒಂದೇ ಏಟಿಗೆ ಅಲ್ಲ, ಗುಟುಕು ಗುಟುಕಾಗಿ.

ಹಾಗೆ ನೋಡಿದರೆ ಆಗದ ಮಾತೇನಲ್ಲ. ಆದರೆ ಒಂದು ಪೀರಿಯಡ್ ಮರೆತರೆ ಮುಗಿಯಿತು, ಹಿಂದಿನ ಬಾಕಿ ತೀರಿಸೋಕೆ ಆಗಲ್ಲ. ಈ ಹೊಟ್ಟೆಗೆ ಸಾಲ ಕೊಡೋಕೆ ಬರಲ್ಲ. ನಾನು ಈಗ ಶಾಲೆಯ ಗಂಟೆ ಹೊಡೆದಾಗಲೆಲ್ಲ ಮೂರು ಗುಟುಕು ಕುಡಿಯುತ್ತೇನೆ. ಮಕ್ಕಳಿಗೆ ಗೊತ್ತಾಗಿದೆ, ಮರೆತರೆ "ಸಾರ್, ನೀರು" ಅಂತ ಕೂಗುತ್ತಾರೆ.

ಮುದ್ದೆಹೈದ
ಸೋಮವಾರ, ಮಧ್ಯಾಹ್ನ 2:00

ಮೇಷ್ಟ್ರೇ, ಇದು ಬೇಕಿತ್ತು ನೋಡಿ. ನಾನು ಬೆಳಗ್ಗೆ ಹತ್ತರ ತನಕ ತೋಟದಲ್ಲಿ ಇರುತ್ತೇನೆ, ಕಬ್ಬಿಗೆ ನೀರು ಬಿಡೋದು. ನಾಲೆಯಲ್ಲಿ ನೀರು ಹರಿಯುತ್ತಿರುತ್ತೆ, ನನ್ನ ಗಂಟಲು ಒಣಗಿರುತ್ತೆ. ಮನೆಗೆ ಬಂದು ಒಂದೇ ಸಲ ಚೊಂಬು ಎತ್ತಬೇಕು ಅನ್ನಿಸುತ್ತೆ. ಮೊನ್ನೆ ಎದ್ದು ನಿಂತಾಗ ಕಣ್ಣು ಕತ್ತಲೆ ಬಂತು. ಮೂತ್ರ ಗಾಢ ಹಳದಿ.

ಸರಸ್ವತಿಪುರಂ ಅಕ್ಕ
ಸೋಮವಾರ, ಮಧ್ಯಾಹ್ನ 2:25

ಅದು ನೀರು ಸಾಲದ್ದಕ್ಕೆ ತಮ್ಮ. ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರೋದರಲ್ಲಿ ಇದು ದೊಡ್ಡ ಕಾರಣ. ಊಟಕ್ಕಿಂತ ನೀರು ಮೊದಲು ಅಂತ ಇಟ್ಟುಕೊಳ್ಳಿ. ಬಿ.ಪಿ. ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ತೂಕ ಇಳಿದ ಮೇಲೆ ಅದರ ಅಳತೆಯೂ ಬದಲಾಗಬೇಕಾಗುತ್ತೆ. ತೋಟಕ್ಕೆ ಬಾಟಲಿ ತಗೊಂಡು ಹೋಗಿ. ಎಳನೀರೂ ಗುಟುಕು ಗುಟುಕಾಗಿ ಆಗುತ್ತೆ, ಅದರಲ್ಲೂ ಸಕ್ಕರೆ ಇದೆ ಅನ್ನೋದು ನೆನಪಿರಲಿ. ಮದ್ದೂರು ಪಕ್ಕದಲ್ಲೇ ಇದೆ, ನಿಮಗೆ ಎಳನೀರಿಗೇನು ಬರ.

ಕಬ್ಬಿನ ಹಾಲು ಮಾತ್ರ ಮುಟ್ಟಬೇಡಿ. ನನ್ನ ಕಥೆ ಕೇಳಿ. ಬೈಪಾಸ್ ಆಗಿ ಎಂಟು ತಿಂಗಳು. ಮಂಡ್ಯದ ಹತ್ತಿರ ನೆಂಟರ ಆಲೆಮನೆಗೆ ಹೋಗಿದ್ದೆವು. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುತ್ತಿತ್ತು, ಆ ವಾಸನೆಗೇ ಹೊಟ್ಟೆ ತುಂಬಬೇಕು. ಗಾಣದಿಂದ ಆಗಷ್ಟೇ ಬಂದ ಹಾಲು, ನಿಂಬೆ ಶುಂಠಿ ಹಾಕಿ ಕೊಟ್ಟರು. ಬೇಡ ಅನ್ನೋಕೆ ಆಗಲಿಲ್ಲ. ಅರ್ಧ ಲೋಟ ಕುಡಿದೆ. ಮೇಲೆ ಒಂದು ಚಕ್ಕುಲಿ. ಹದಿನೈದು ನಿಮಿಷ ಕಳೆದಿರಲಿಲ್ಲ, ಎದೆ ನಗಾರಿ ಹೊಡೆದಂತೆ, ಮೈಯೆಲ್ಲ ಬೆವರು, ಹೊಟ್ಟೆ ನುಲಿತ. ಗೋಣಿಚೀಲದ ಮೇಲೆ ಮಲಗಿಬಿಟ್ಟೆ. ಸೊಸೆಯಂದಿರೆಲ್ಲ ಹಾರ್ಟ್ ಅಟ್ಯಾಕ್ ಅಂತ ಕಾರು ತಿರುಗಿಸಿದರು. ಮುಕ್ಕಾಲು ಗಂಟೆಯಲ್ಲಿ ತಾನಾಗೇ ಇಳಿಯಿತು. ಅದೇ ಡಂಪಿಂಗ್. ಎರಡು ಗಂಟೆ ಬಿಟ್ಟು ಮತ್ತೆ ಕೈ ನಡುಗೋಕೆ ಶುರುವಾಯಿತು, ಈ ಸಲ ಶುಗರ್ ಕೆಳಗೆ ಬಿದ್ದಿತ್ತು. ಒಂದೇ ಅರ್ಧ ಲೋಟಕ್ಕೆ ಎರಡು ಶಿಕ್ಷೆ.

ಅಡುಗೆಮನೆ ಕಡೆಯಿಂದ, ಪಾಂಡವಪುರ
ಸೋಮವಾರ, ಸಂಜೆ 5:45

ಆಪರೇಷನ್ ಆಗಿರೋದು ನಮ್ಮ ಮನೆಯವರಿಗೆ, ಅಡುಗೆ ಮಾಡೋಳು ನಾನು. ಅದಕ್ಕೆ ಬರೆಯುತ್ತಿದ್ದೇನೆ.

ಮುದ್ದೆಹೈದ ಅಣ್ಣ, ನೀವು ಕೇಳಿದ್ದ ಪ್ರಶ್ನೆಯನ್ನೇ ನಾನು ಒಲೆ ಮುಂದೆ ನಿಂತು ಮೂರು ತಿಂಗಳು ಕೇಳಿಕೊಂಡೆ. ಆಮೇಲೆ ಒಂದು ದಿನ ಸೊಪ್ಪು ಬಸಿಯುತ್ತಾ ನಗು ಬಂತು. ಉತ್ತರ ನನ್ನ ಕೈಯಲ್ಲೇ ಇತ್ತು.

ಉಪ್ಸಾರು ಹೇಗೆ ಮಾಡುತ್ತೀವಿ? ಹಲಸಂದೆ ಕಾಳು, ದಂಟಿನ ಸೊಪ್ಪು ಉಪ್ಪು ಹಾಕಿ ಬೇಯಿಸುತ್ತೀವಿ. ಆಮೇಲೆ ಬಸಿಯುತ್ತೀವಿ. ನೀರು ಒಂದು ಕಡೆ, ಸೊಪ್ಪು ಕಾಳು ಒಂದು ಕಡೆ. ನೀರಿಗೆ ಖಾರ ಕಲಸಿಕೊಂಡರೆ ಸಾರು. ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ. ಬಸ್ಸಾರೂ ಹಾಗೇ, ಬಸಿದ ಸಾರು ತಾನೇ ಬಸ್ಸಾರು. ಊಟ ಬೇರೆ, ನೀರು ಬೇರೆ ಅಂತ ನಮ್ಮ ಅಡುಗೆಮನೆಯಲ್ಲಿ ಆಗಲೇ ಮಾಡಿ ಇಟ್ಟಿದ್ದೇವೆ. ನಾವೇ ಅದನ್ನು ತಟ್ಟೆಯಲ್ಲಿ ಮತ್ತೆ ಒಂದು ಮಾಡುತ್ತೀವಿ, ಅಷ್ಟೇ.

ಈಗ ಅವರಿಗೆ ಒಂದು ಗಂಟೆಗೆ ಪಲ್ಯ ಬಡಿಸುತ್ತೇನೆ. ಕಾಳು ಮೆತ್ತಗೆ ಬೆಂದಿರಬೇಕು, ಸೊಪ್ಪು ಸಣ್ಣಗೆ ಹೆಚ್ಚಿರಬೇಕು, ನಾರಿನ ದಂಟು ಬೇಡ. ಜೊತೆಗೆ ಒಂದು ಬೇಯಿಸಿದ ಮೊಟ್ಟೆ. ಪಲ್ಯ ತೀರಾ ಒಣಗಿದ್ದರೂ ಗಂಟಲಲ್ಲಿ ನಿಲ್ಲುತ್ತೆ, ಅದಕ್ಕೆ ಎರಡು ಚಮಚ ಕಟ್ಟು ಚಿಮುಕಿಸುತ್ತೇನೆ. ತಟ್ಟೆ ಓರೆ ಮಾಡಿದರೆ ಏನೂ ಹರಿಯಬಾರದು, ಅದು ನನ್ನ ಅಳತೆ. ಎರಡೂಕಾಲಿಗೆ, ಬಸಿದ ಕಟ್ಟನ್ನು ಬೆಚ್ಚಗೆ ಮಾಡಿ, ಚೂರೇ ಚೂರು ಖಾರ, ಬೆಳ್ಳುಳ್ಳಿ ಹಾಕಿ ಕಾಫಿ ಲೋಟದಲ್ಲಿ ಕೊಡುತ್ತೇನೆ. ಕುರ್ಚಿಯಲ್ಲಿ ಕೂತು ಕಾಫಿ ಹೀರಿದ ಹಾಗೆ ಹೀರುತ್ತಾರೆ. ಬಾಯಿಗೆ ಉಪ್ಸಾರು ಸಿಕ್ಕಿತು, ನೀರಿನ ಲೆಕ್ಕಕ್ಕೂ ಒಂದು ಲೋಟ ಸೇರಿತು.

ಮುದ್ದೆ ಮಾತ್ರ ಐದನೇ ತಿಂಗಳ ತನಕ ಕೊಡಲಿಲ್ಲ. ರಾಗಿ ಆಸೆಗೆ ತೆಳ್ಳಗೆ ಅಂಬಲಿ ಮಾಡಿ, ಮಜ್ಜಿಗೆ ಬೆರೆಸಿ, ಊಟದ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಕೊಡುತ್ತಿದ್ದೆ.

ಮುದ್ದೆಹೈದ
ಸೋಮವಾರ, ಸಂಜೆ 6:00

ಅಕ್ಕಾ! ಇಷ್ಟು ದಿನ ಕಣ್ಣ ಮುಂದೆ ಬಸಿಯುತ್ತಿದ್ದರೂ ನೋಡಲಿಲ್ಲವಲ್ಲ ನಾನು. ಅವ್ವನಿಗೆ ಓದಿ ಹೇಳಿದೆ. "ಅಷ್ಟೇನಾ? ಬಸಿದು ಕೊಡು ಅಂದಿದ್ರೆ ಅವತ್ತೇ ಕೊಡ್ತಿರ್ಲಿಲ್ವಾ" ಅಂದಳು.

ಪಥ್ಯದ ಹುಡುಗಿ
ಸೋಮವಾರ, ರಾತ್ರಿ 8:40

ಪಾಂಡವಪುರದ ಅಕ್ಕ, ಇದನ್ನು ನಾಳೆ ನನ್ನ ಪೇಷಂಟುಗಳಿಗೆ ಹೇಳುತ್ತೇನೆ, ಅಡ್ಡಿ ಇಲ್ಲ ಅಲ್ವಾ? ಉಪ್ಸಾರಿನ ಉತ್ತರ ಬರೆಯೋಕೆ ಕೂತೆ, ನೀವೇ ಬರೆದುಬಿಟ್ಟಿದ್ದೀರಿ. ಕುಡಿಯೋಕೆ ಬರುವಷ್ಟು ತೆಳ್ಳಗಿದ್ದರೆ ನೀರಿನ ಲೆಕ್ಕ, ತುತ್ತನ್ನು ಒದ್ದೆ ಮಾಡುವಷ್ಟಿದ್ದರೆ ಊಟದ ಲೆಕ್ಕ. ನಾನೂ ಹಾಗೇ ಹೇಳೋದು. ರಸಂ, ತಿಳಿಸಾರು, ನೀರು ಮಜ್ಜಿಗೆ ಇವೆಲ್ಲ ಮೊದಲ ಗುಂಪು. ಗಟ್ಟಿ ಬೇಳೆ, ಮೊಸರು, ಹಿತಕಿದ ಅವರೆಯ ಗಟ್ಟಿ ಸಾರು ಎರಡನೇದು.

ಒಂದೆರಡು ತಿದ್ದುಪಡಿ. ಕಟ್ಟಿನಲ್ಲಿ ಉಪ್ಪು ಇರುತ್ತೆ, ಬಿ.ಪಿ. ಇರುವವರು ದಿನಕ್ಕೆ ಒಂದು ಲೋಟಕ್ಕೆ ನಿಲ್ಲಿಸಿ. ಖಾರ ಮೊದಲ ತಿಂಗಳುಗಳಲ್ಲಿ ಬೇಡವೇ ಬೇಡ. ಮತ್ತೆ ತಟ್ಟೆಯಲ್ಲಿ ಮೊದಲ ತುತ್ತು ಯಾವಾಗಲೂ ಮೊಟ್ಟೆ, ಕಾಳು, ಕೋಳಿ, ಪನೀರ್ ಇರಲಿ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಬರೋದು ಸುಮಾರು 7 ಗ್ರಾಂ, ಅಷ್ಟು ಹಿಟ್ಟಿನ ಮುದ್ದೆ ಈಗ ನಿಮ್ಮ ಹೊಟ್ಟೆಗೆ ಹಿಡಿಯೋದೇ ಇಲ್ಲ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಅದಕ್ಕೆ ಗೌರವ ಕೊಡೋಣ. ಆದರೆ ಸರದಿಯಲ್ಲಿ ಅದು ಹಿಂದೆ ನಿಲ್ಲಬೇಕು.

ಕಾಫಿ ಪ್ರಿಯರಿಗೆ ಒಂದು ಮಾತು. ಕಬ್ಬಿಣದ ಮಾತ್ರೆ ನುಂಗಿ ಮೇಲೆ ಕಾಫಿ, ಟೀ, ಹಾಲು ಕುಡಿದರೆ ಮಾತ್ರೆ ದಂಡ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣಕ್ಕೂ ಎರಡು ಗಂಟೆ ಅಂತರ ಇರಲಿ.

ಇನ್ನು ಹೆದರಿಸೋಕೆ ಅಲ್ಲ, ಆದರೆ ಇದನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳಿ. ಒಂದು ಸಲ ಮುದ್ದೆ ಸಿಕ್ಕಿ ನೊರೆ ಬಂದರೆ ಅದು ಬೇರೆ. ದಿನಾ ವಾಂತಿ ಆಗುತ್ತಿದ್ದರೆ, ನೀರು ಕೂಡ ನಿಲ್ಲದಿದ್ದರೆ, ಮನೆಮದ್ದು ಮಾಡುತ್ತಾ ಕೂರಬೇಡಿ. ಕೊಳವೆ ಎಲ್ಲಾದರೂ ಕಿರಿದಾಗಿರಬಹುದು. ಜೊತೆಗೆ ಮೈಯಲ್ಲಿ ಬಿ1 ವಿಟಮಿನ್ ದಾಸ್ತಾನು ಸಣ್ಣದು, ಕೆಲವೇ ವಾರದಲ್ಲಿ ಖಾಲಿಯಾಗುತ್ತೆ. ಕಣ್ಣಿಗೆ ಎರಡೆರಡು ಕಾಣೋದು, ನಡೆದರೆ ತೂರಾಡೋದು, ಮಾತು ಗೊಂದಲ ಆಗೋದು ಕಂಡರೆ ಆ ಕ್ಷಣವೇ ಹೊರಡಿ. ನಮ್ಮ ಕಡೆ ಸುಸ್ತು ಅಂದ ತಕ್ಷಣ ಹತ್ತಿರದ ಕ್ಲಿನಿಕ್ಕಿನಲ್ಲಿ ಗ್ಲೂಕೋಸ್ ಬಾಟಲಿ ಏರಿಸುತ್ತಾರೆ. ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಇಂಥವರಿಗೆ ಕೆಡುಕಾಗಬಹುದು. ಹೊಟ್ಟೆ ಆಪರೇಷನ್ ಆಗಿದೆ, ಇಷ್ಟು ದಿನದಿಂದ ವಾಂತಿ ಅಂತ ಬಾಗಿಲಲ್ಲೇ ಹೇಳಿ.

ಲೆಕ್ಕದಮೇಷ್ಟ್ರು
ಸೋಮವಾರ, ರಾತ್ರಿ 9:05

ಕೊನೆಯ ಮಾತನ್ನು ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ಪರ್ಸಿನಲ್ಲಿ ಇಟ್ಟುಕೊಂಡೆ.

ಕೆ.ಆರ್.ಪೇಟೆ ಹಿರಿಯ
ಮಂಗಳವಾರ, ಬೆಳಗ್ಗೆ 6:00

ಡಾಕ್ಟರಮ್ಮ ಹೇಳಿದ್ದು ಓದಿದೆ. ನಮ್ಮ ಅಜ್ಜನ ಮಾತು ಪೂರ್ತಿ ಬಿಡೋಕೆ ಮನಸ್ಸಿಲ್ಲ. ಆದರೆ ಅಜ್ಜನಿಗೆ ಈ ಆಪರೇಷನ್ ಆಗಿರಲಿಲ್ಲ, ಅದೂ ನಿಜ.

ಪಥ್ಯದ ಹುಡುಗಿ
ಮಂಗಳವಾರ, ಬೆಳಗ್ಗೆ 7:10

ನಾನು ಡಾಕ್ಟರ್ ಅಲ್ಲ ಸಾರ್, ಡಯಟಿಷಿಯನ್ 🙏 ಅಜ್ಜನ ಮಾತಿಗೂ ನಮ್ಮ ಮಾತಿಗೂ ಕಾರಣ ಬೇರೆ, ಲೋಟ ದೂರ ಇಡೋದು ಒಂದೇ.

ಮುದ್ದೆಹೈದ
ಮೂರು ವಾರದ ನಂತರ, ಭಾನುವಾರ ರಾತ್ರಿ 8:30

ಎಲ್ಲರಿಗೂ ವರದಿ ಒಪ್ಪಿಸಬೇಕು. 107 ಕೆಜಿ. ನೊರೆ ಒಂದೇ ಸಲ ಬಂತು, ಅದೂ ಆತುರದಲ್ಲಿ ಚಪಾತಿ ನುಂಗಿದ್ದಕ್ಕೆ. ಮುದ್ದೆ ಮುಟ್ಟಿಲ್ಲ. ಬಿ.ಪಿ. ಮಾತ್ರೆ ಡಾಕ್ಟ್ರು ಕಡಿಮೆ ಮಾಡಿದರು, ಕಣ್ಣು ಕತ್ತಲೆ ನಿಂತಿದೆ. ತೋಟದ ಮೋಟಾರ್ ಶೆಡ್ಡಿನ ಮೊಳೆಗೆ ಒಂದು ಬಾಟಲಿ ನೇತು ಹಾಕಿದ್ದೇನೆ. ಒಂದು ಮಡಿಗೆ ನೀರು ತಿರುಗಿಸಿದಾಗ ನನಗೂ ಎರಡು ಗುಟುಕು. ಕಬ್ಬಿಗೆ, ನನಗೆ ಒಂದೇ ಸರದಿ.

ಇವತ್ತು ಬೀಗರೂಟಕ್ಕೆ ಹೋಗಿದ್ದೆ. ಹೋಗೋಕೇ ಹೆದರಿಕೆ ಇತ್ತು. ಬಾಳೆಲೆ ಹಾಕಿದರು, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟರು. ಬಾಟಲಿ ತೆಗೆದು ಎದುರುಗಡೆ ಕೂತ ಹುಡುಗನಿಗೆ ಕೊಟ್ಟೆ. ಮುದ್ದೆ ಬಂತು, ಬೇಡ ಅಂದೆ. ಬಡಿಸೋನು ಮುಂದಕ್ಕೆ ಹೋಗಿ ಮತ್ತೆ ತಿರುಗಿ ನೋಡಿದ. ಮಟನ್ ಸಾರು ಬಂದಾಗ "ಪೀಸು ಮಾತ್ರ ಹಾಕಣ್ಣ, ಸಾರು ಬೇಡ" ಅಂದೆ. ಅವನು ಸೌಟು ಬಗ್ಗಿಸಿ ಹಿಡಿದು, ಸಾರೆಲ್ಲ ಬಕೆಟ್ಟಿಗೇ ಸೋರಲು ಬಿಟ್ಟು, ಎರಡು ಮೆತ್ತನೆ ಪೀಸು ಎಲೆ ಮೇಲಿಟ್ಟ. ಬಸಿದು ಕೊಟ್ಟ ಅನ್ನಿ. ಒಂದೊಂದು ಎಳೆ ಬಿಡಿಸಿ ಅಗಿದು ತಿನ್ನೋಕೆ ಇಪ್ಪತ್ತೈದು ನಿಮಿಷ ಆಯಿತು. ಅಷ್ಟರಲ್ಲಿ ಪಂಕ್ತಿಯವರೆಲ್ಲ ಎದ್ದರು, ಎರಡನೇ ಪಂಕ್ತಿಯವರು ನನ್ನ ಬೆನ್ನ ಹಿಂದೆ ಜಾಗಕ್ಕೆ ಕಾಯುತ್ತಾ ನಿಂತರು.

ಬೀಗರ ಕಡೆಯ ಒಬ್ಬರು ಹಿರಿಯರು, "ಯಾಕಪ್ಪ, ನಮ್ಮನೆ ಊಟ ಸೇರಲಿಲ್ವಾ?" ಅಂದರು. ನಿಜ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನನ್ನು ಪಕ್ಕಕ್ಕೆ ಕರೆದರು. "ನನ್ನ ಮಗಳಿಗೂ ಮಾಡಿಸು ಅಂತಾವ್ರೆ. ಬದುಕೋಕಾಯ್ತದಾ ಅದ್ರಲ್ಲಿ?" ಅಂತ ಕೇಳಿದರು. ಈ ಚರ್ಚೆಯನ್ನೇ ಅವರ ಫೋನಿಗೆ ಕಳಿಸಿದ್ದೇನೆ.

ಅಡುಗೆಮನೆ ಕಡೆಯಿಂದ
ಭಾನುವಾರ, ರಾತ್ರಿ 8:50

ಸೌಟು ಬಗ್ಗಿಸಿದವನಿಗೆ ಪುಣ್ಯ ಬರಲಿ. ಆ ಸಾರನ್ನು ಅರ್ಧ ಗಂಟೆ ಬಿಟ್ಟು ಲೋಟದಲ್ಲಿ ಕೇಳಿ ಇಸ್ಕೊಂಡ್ರಾ ಇಲ್ವಾ?

ಮುದ್ದೆಹೈದ
ಭಾನುವಾರ, ರಾತ್ರಿ 8:55

ಇಸ್ಕೊಂಡೆ. ಮೇಲಿನ ಎಣ್ಣೆ ತೆಗೆದು ಕಾಲು ಲೋಟ. ಅಡುಗೆ ಭಟ್ಟರು "ಇದೇನು ಸಾರ್, ಕಾಫಿ ತರ" ಅಂದರು.

ಬೀಗರ ಮಗಳು
ಸೋಮವಾರ, ಬೆಳಗ್ಗೆ 5:40

ಅಪ್ಪ ರಾತ್ರಿ ಎಲ್ಲಾ ಇದನ್ನೇ ಓದಿಸಿಕೊಂಡರು. ಬುಧವಾರ ಮೈಸೂರಿಗೆ ಡಾಕ್ಟರನ್ನು ನೋಡೋಕೆ ಹೋಗುತ್ತಿದ್ದೇವೆ. ಪಥ್ಯದ ಹುಡುಗಿ ಅವರೇ, ಒಂದು ಪ್ರಶ್ನೆ. ನಾನು ಊಟದ ಜೊತೆ ನೀರೇ ಕುಡಿಯಲ್ಲ, ಚಿಕ್ಕವಳಿಂದಲೂ ಅಭ್ಯಾಸ ಇಲ್ಲ. ಆದರೆ ಕೊನೆಗೆ ಮಜ್ಜಿಗೆ ಅನ್ನ ಇಲ್ಲದೆ ಏಳೋಕೆ ಆಗಲ್ಲ. ಅದು ಯಾವ ಗುಂಪು?

ಪಥ್ಯದ ಹುಡುಗಿ
ಸೋಮವಾರ, ಬೆಳಗ್ಗೆ 7:15

ಗಟ್ಟಿ ಮೊಸರು ಮಾಡಿಕೊಳ್ಳಿ, ಅನ್ನ ಎರಡು ಚಮಚ, ಚೆನ್ನಾಗಿ ಕಿವುಚಿ. ಆಮೇಲೆ ತಟ್ಟೆ ಓರೆ ಮಾಡಿ ನೋಡಿ.